ವುಡಾಂಗ್ ಬೆಟ್ಟಕ್ಕೆ ಅಪ್ಪ-ಅಮ್ಮನ ಜೊತೆ: ಉಳಿಯೋದು ಶಿಯೆನ್ ನಗರದಲ್ಲೋ, ಬೆಟ್ಟದ ಮೇಲೋ?

ಶರಾವತಿ_ಎಡದಂಡೆ

ಎಲ್ಲರಿಗೂ ನಮಸ್ಕಾರ. ನಾನು ಗುವಾಂಗ್‌ಝೌನಲ್ಲಿ ಕೆಲಸದಲ್ಲಿದ್ದೇನೆ. ಶಿವಮೊಗ್ಗದಿಂದ ಅಪ್ಪ-ಅಮ್ಮ ಬರುತ್ತಿದ್ದಾರೆ, ವೀಸಾ ಆಗಿದೆ. ಕೋಲ್ಕತ್ತಾ–ಗುವಾಂಗ್‌ಝೌ ನೇರ ವಿಮಾನ 2025ರ ಅಕ್ಟೋಬರ್‌ನಿಂದ ಮತ್ತೆ ಶುರುವಾದ ಮೇಲೆ ಅಪ್ಪನ ಉತ್ಸಾಹಕ್ಕೆ ತಡೆಯೇ ಇಲ್ಲ. ರಿಟೈರ್ಡ್ ಮೇಷ್ಟ್ರು, ವಾಕಿಂಗ್ ಬಳಗದಲ್ಲಿ ತೈಚಿ (ಚೀನಾದ ನಿಧಾನಗತಿಯ ಕಸರತ್ತು) ಕಲಿತಿದ್ದಾರೆ. ಶಾಂಘೈ, ಬೀಜಿಂಗ್ ಏನೂ ಬೇಡವಂತೆ, ‘ವುಡಾಂಗ್ ಒಂದು ತೋರಿಸಪ್ಪ ಸಾಕು’ ಅಂತಾರೆ. ಹುಬೇ ಪ್ರಾಂತ್ಯದ ಶಿಯೆನ್ ನಗರದ ಹತ್ತಿರ ಇರುವ, ದಾವೋ ಧರ್ಮದ ದೇಗುಲಗಳ ಬೆಟ್ಟ ಅದು; ತೈಚಿ ಹುಟ್ಟಿದ್ದೇ ಅಲ್ಲಿ ಅನ್ನೋ ಮಾತಿದೆ.

ಅಮ್ಮನಿಗೆ ಮಂಡಿನೋವು. ಮೊಟ್ಟೆ ಕೂಡ ಮುಟ್ಟದ ಸಸ್ಯಾಹಾರಿ. ನನಗೆ ರಜೆ ಸಿಗೋದು ಅಕ್ಟೋಬರ್ ಮೊದಲ ವಾರ. ವುಹಾನ್‌ಗೆ ಹೋಗಿ, ಅಲ್ಲಿಂದ ಬೆಳಗ್ಗೆ ಹೋಗಿ ಸಂಜೆ ವಾಪಸ್ ಬರುವ ಯೋಚನೆ. ಶಿಯೆನ್ ನಗರದಲ್ಲಿ ನೋಡುವಂಥದ್ದು ಏನೂ ಇಲ್ಲ ಅಂತ ಎಲ್ಲೋ ಓದಿದೆ. ಹೋಗಿ ಬಂದವರು ಹೇಳಿ.

ಪೀಣ್ಯ ಎರಡನೇ ಹಂತ

ಗುರು, ಅಕ್ಟೋಬರ್ 1ರಿಂದ 7 ಬೇಡವೇ ಬೇಡ. ರಾಷ್ಟ್ರೀಯ ದಿನದ ರಜೆ, ಇಡೀ ಚೀನಾ ಮನೆಯಿಂದ ಹೊರಗೆ ಬಿದ್ದಿರುತ್ತೆ. ಬಸ್ಸಿಗೆ ಕ್ಯೂ, ಕೇಬಲ್ ಕಾರಿಗೆ ಕ್ಯೂ, ಕೊನೆಗೆ ಶೌಚಾಲಯಕ್ಕೂ ಕ್ಯೂ. ಅಮ್ಮನ ಮಂಡಿ ಮೆಟ್ಟಿಲು ಹತ್ತೋಕೆ ಮುಂಚೆ ಕ್ಯೂನಲ್ಲೇ ಸೋತು ಹೋಗುತ್ತೆ. ರಜೆ ಮುಂದಕ್ಕೆ ಹಾಕ್ಸು. ಆಗಲ್ಲ ಅಂದ್ರೆ ಆ ವಾರ ಗುವಾಂಗ್‌ಝೌನಲ್ಲೇ ಇದ್ದು ಪಾರ್ಕು ತೋರಿಸು.

ಇನ್ನೊಂದು, ಟಿಕೆಟ್ ಮಾಡುವಾಗ ಟೆರಾಕೋಟಾ ಸೈನಿಕರಿರುವ ಷೀಆನ್‌ಗೆ ಬುಕ್ ಮಾಡಿಬಿಟ್ಟೀಯ! ಅದು ಬೇರೆ ಪ್ರಾಂತ್ಯ. ನಿನಗೆ ಬೇಕಾದದ್ದು ಹುಬೇ ಪ್ರಾಂತ್ಯದ ಶಿಯೆನ್.

ಸ್ಟೆತೋ_ಸುಳ್ಯ

ಶಿಯೆನ್‌ನಲ್ಲಿ ಏನೂ ಇಲ್ಲ ಅಂತ ಬರೆದವರು ಯಾರು ಮಾರಾಯ್ರೆ? ನಾನು ಎಂಬಿಬಿಎಸ್ ಓದಿದ್ದು ಅಲ್ಲೇ, ಹುಬೇ ಮೆಡಿಸಿನ್ ಯೂನಿವರ್ಸಿಟಿ ಇರುವುದು ಆ ಊರಿನಲ್ಲಿ. ಭಾರತದ ಹುಡುಗ ಹುಡುಗಿಯರು ಬೇಕಾದಷ್ಟು ಇದ್ದೆವು. 2020ರ ಜನವರಿಯಲ್ಲಿ ಲಾಕ್‌ಡೌನ್ ಆದಾಗ ಊರಿಗೆ ಊರೇ ಮುಚ್ಚಿದ್ದು ಇನ್ನೂ ಕಣ್ಣಲ್ಲಿ ಉಂಟು. ಅದು ಬಿಡಿ, ಬೇರೆ ಕತೆ.

ದಿನದಲ್ಲಿ ಹೋಗಿ ಬರುವುದು ನಕ್ಷೆಯಲ್ಲಿ ಮಾತ್ರ ಸುಲಭ. ವುಹಾನ್‌ನಿಂದ ಹೈಸ್ಪೀಡ್ ರೈಲು ಸುಮಾರು ಎರಡು ಗಂಟೆ, 2019ರ ಕೊನೆಗೆ ಶುರುವಾದದ್ದು. ಅದಕ್ಕೆ ಮೊದಲು ಸ್ಲೀಪರ್ ರೈಲಿನಲ್ಲಿ ಒದ್ದಾಡಬೇಕಿತ್ತು. ಇಳಿಯುವುದು ‘ವುಡಾಂಗ್‌ಶಾನ್ ಪಶ್ಚಿಮ’ ಸ್ಟೇಷನ್. ಅಲ್ಲಿಂದ ಬೆಟ್ಟದ ಗೇಟಿಗೆ ಬಸ್ಸು ಅಥವಾ ಟ್ಯಾಕ್ಸಿ. ಗೇಟಿನೊಳಗೆ ಸ್ವಂತ ಗಾಡಿ ಬಿಡುವುದಿಲ್ಲ, ಅವರದ್ದೇ ಬಸ್ಸು. ತಿರುವು ಅಂದ್ರೆ ಚಾರ್ಮಾಡಿ ನೆನಪಾಗ್ತದೆ. ವಾಂತಿ ಆಗುವವರು ಮಾತ್ರೆ ತೆಗೊಳ್ಳಿ. ಮತ್ತೆ ಬೆಟ್ಟದಲ್ಲಿ ಒಂದು ದೇವಸ್ಥಾನ ಅಲ್ಲ ಇರುವುದು, ಒಂದರಿಂದ ಇನ್ನೊಂದಕ್ಕೆ ಕಿಲೋಮೀಟರ್‌ಗಟ್ಟಲೆ. ದಿನದಲ್ಲಿ ಹೋದರೆ ಕೇಬಲ್ ಕಾರು, ತುದಿ, ಫೋಟೋ, ಮುಗಿಯಿತು.

ಧಾರವಾಡದಾಂವ

ಸುಳ್ಯದವ್ರು ಹೇಳಿದ್ದು ಖರೇ ಅದ. ನಾವು ಹಂಗ ಒಂದ ದಿನದಾಗ ಮುಗಿಸಿ ಬರೋಣ ಅಂತ ಹೊಂಟಿದ್ವಿ, ಮ್ಯಾಲ ಮಂಜ ಕವಿದು ಗಾಳಿ ಜೋರಾಗಿ ಕೇಬಲ್ ಕಾರು ಬಂದ್ ಮಾಡಿಬಿಟ್ರು. ಗುಡುಗು-ಸಿಡಿಲು ಇದ್ರೂ ಬಂದ್ ಮಾಡ್ತಾರ. ಒಂದ ದಿನ ಇಟ್ಕೊಂಡ್ರ ಆಟ ಮುಗೀತು. ಎರಡ ರಾತ್ರಿ ಇಟ್ಕೊರ್ರಿ, ಒಂದ ದಿನ ಕೆಟ್ರ ಇನ್ನೊಂದರೆ ಸಿಗತೈತಿ.

ಹಳೆಗಲ್ಲು

ಅಪ್ಪ ಮೇಷ್ಟ್ರು ಅಂದಿರಲ್ಲ, ಅವರಿಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಅವಸರದವರು ದಾಟಿ ಹೋಗಬಹುದು.

ಈಗ ಕಾಣುವ ವುಡಾಂಗ್ ಬಹುಪಾಲು ಮಿಂಗ್ ವಂಶದ ಯೊಂಗ್‌ಲೆ ಚಕ್ರವರ್ತಿ ಕಟ್ಟಿಸಿದ್ದು. ಅವನು ಅಣ್ಣನ ಮಗನನ್ನು ಇಳಿಸಿ 1402ರಲ್ಲಿ ಸಿಂಹಾಸನ ಏರಿದವನು. ಹಾಗೆ ಏರಿದವನಿಗೆ ದೈವದ ಬೆಂಬಲ ತೋರಿಸಿಕೊಳ್ಳುವ ಅಗತ್ಯ ಎಷ್ಟಿರುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಅವನ ಸೈನ್ಯ ಬಂದದ್ದು ಉತ್ತರದಿಂದ, ಉತ್ತರ ದಿಕ್ಕಿನ ಅಧಿದೇವತೆ ಝೆನ್ವು, ಝೆನ್ವು ತಪಸ್ಸು ಮಾಡಿದ ಬೆಟ್ಟ ವುಡಾಂಗ್. 1412ರಲ್ಲಿ ಕೆಲಸ ಶುರು. ಬೀಜಿಂಗ್‌ನ ಅರಮನೆ ಕಟ್ಟಿಸಿದವನೂ ಇವನೇ. ಮೂರು ಲಕ್ಷ ಸೈನಿಕರು, ಕುಶಲಕರ್ಮಿಗಳು ದುಡಿದರು ಎಂಬ ಲೆಕ್ಕ ಎಲ್ಲ ಕಡೆ ಸಿಗುತ್ತದೆ. ರಾಜರ ಕಾಲದ ಲೆಕ್ಕ, ಒಂದಿಷ್ಟು ಕಳೆದು ಓದಿಕೊಳ್ಳಿ.

ತುದಿಯ ಸ್ವರ್ಣಮಂದಿರ 1416ರದ್ದು. ಹೆಸರು ಸ್ವರ್ಣ, ಇರುವುದು ಚಿನ್ನದ ಲೇಪದ ಕಂಚು. ಬೀಜಿಂಗ್‌ನಲ್ಲಿ ಎರಕ ಹೊಯ್ದು, ಬಿಡಿಬಿಡಿಯಾಗಿ ಕಾಲುವೆ, ನದಿಗಳ ಮೇಲೆ ತಂದು, 1612 ಮೀಟರ್ ಎತ್ತರದ ತಿಯೆನ್‌ಝು ಶಿಖರದ ನೆತ್ತಿಯಲ್ಲಿ ಜೋಡಿಸಿದರು. ಹತ್ತಿರ ಹೋಗಿ ನೋಡಿದರೆ ತೊಲೆ, ಬೋದಿಗೆ, ಹೆಂಚಿನ ಸಾಲು ಎಲ್ಲ ಮರದ ಕಟ್ಟಡದ ಹಾಗೇ ಇದೆ, ಆದರೆ ಮರದ ಚೂರೂ ಇಲ್ಲ, ಎಲ್ಲ ಲೋಹ. ಒಳಗೆ ಬರಿಗಾಲಿನ, ಕೂದಲು ಬಿಟ್ಟ ಝೆನ್ವು ಕೂತಿದ್ದಾನೆ. ಮುಖ ಯೊಂಗ್‌ಲೆಯದೇ ಎಂದು ಸ್ಥಳೀಯರು ಪಿಸುಗುಡುತ್ತಾರೆ. ಮುಂದೆ ಆಮೆಯನ್ನು ಸುತ್ತಿಕೊಂಡ ಹಾವು, ಅದು ಝೆನ್ವುವಿನ ಗುರುತು.

ಬಹಳ ಜನ ನೋಡದೆ ಬರುವುದು ಅದಕ್ಕಿಂತ ಹಳೆಯ ಕಂಚಿನ ಗುಡಿಯನ್ನು. 1307ರದ್ದು, ಯುವಾನ್ ವಂಶದ ಕಾಲದ್ದು. ಹೊಸದು ಬಂದಾಗ ಹಳೆಯದನ್ನು ಕೆಳಗಿಳಿಸಿ ಇನ್ನೊಂದು ಕಟ್ಟಡದೊಳಗೆ ಇಟ್ಟರು. ಗುಡಿಗೂ ಹೊರಗೋಡೆಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ, ಒಳಗೆ ಕಗ್ಗತ್ತಲು. ಕೈಯಲ್ಲಿ ತಣ್ಣನೆಯ ಲೋಹ ಸವರುತ್ತಾ ಒಂದು ಸುತ್ತು ಬಂದರೆ ಅದೃಷ್ಟ ತಿರುಗುತ್ತದೆ ಎಂಬ ನಂಬಿಕೆ. ಶತಮಾನಗಳಿಂದ ಕೈ ಸವರಿ ಸವರಿ ಕಂಚು ನುಣುಪಾಗಿದೆ.

ಶರಾವತಿ_ಎಡದಂಡೆ

@ಹಳೆಗಲ್ಲು ಸರ್, ಇದನ್ನ ಅಪ್ಪನಿಗೆ ವಾಟ್ಸಾಪ್ ಮಾಡಿದೆ. ‘ಇವರನ್ನು ಜೊತೆಗೆ ಕರಕೊಂಡು ಬಾ’ ಅಂದರು :)

ಕೇಬಲ್ ಕಾರಿನಲ್ಲಿ ಹೋದರೆ ಮೆಟ್ಟಿಲು ಹತ್ತಬೇಕಿಲ್ಲ ತಾನೇ?

ನಿಧಾನನಡೆ

ಅಯ್ಯೋ, ಎಲ್ಲರೂ ಎಡವುವುದೇ ಇಲ್ಲಿ. ಚಿಯೋಂಗ್‌ತಾಯ್‌ನಿಂದ ಕೇಬಲ್ ಕಾರು ಹತ್ತಿ ಮೇಲೆ ಇಳಿದ ಮೇಲೂ ಮೆಟ್ಟಿಲಿದೆ. ಅದರಲ್ಲೂ ತಾಯ್‌ಹೆ ದೇಗುಲದಿಂದ ನೆತ್ತಿಗೆ ಹೋಗುವ ಕೊನೆಯ ತುಂಡು ಕಡಿದು. ಎರಡೂ ಕಡೆ ಕಬ್ಬಿಣದ ಸರಪಳಿ, ಸರಪಳಿಯ ತುಂಬ ಜನ ಹರಕೆಗೆ ಹಾಕಿದ ಬೀಗಗಳು. ಹಿಡಿದುಕೊಳ್ಳಲು ಹೋದರೆ ಕೈಗೆ ಬೀಗಗಳೇ ಸಿಗುತ್ತವೆ. ಮೆಟ್ಟಿಲೂ ಸಣ್ಣವು, ನಮ್ಮ ಪಾದ ಪೂರ್ತಿ ಕೂರುವುದಿಲ್ಲ. ಹತ್ತುವುದು ಹೇಗೋ ಆಗುತ್ತದೆ, ಮಂಡಿಗೆ ಕಷ್ಟ ಇಳಿಯುವಾಗ. ಅಮ್ಮ ತಾಯ್‌ಹೆ ತನಕ ಬಂದು ಅಲ್ಲೇ ಕೂತರೂ ಅರ್ಧ ನೋಡಿದ ಹಾಗಾಯಿತು. ಆ ಹಳೆಯ ಕಂಚಿನ ಗುಡಿಯೂ ಅಲ್ಲೇ ಮಗ್ಗುಲಲ್ಲಿದೆ.

ನನ್ನ ಕೇಳಿದರೆ ಅಮ್ಮನಿಗೆ ತುದಿಗಿಂತ ಝೀಷಿಯಾವ್ ದೇಗುಲವೇ ಮುಖ್ಯ. ಬಸ್ಸು ಹತ್ತಿರದ ತನಕ ಹೋಗುತ್ತದೆ. ಅಂಗಳದ ಮೇಲೆ ಅಂಗಳ, ಹಸಿರು-ನೀಲಿ ಹೊಳಪಿನ ಹೆಂಚು, ಹಿಂದೆ ಬಿಚ್ಚಿದ ಬಾವುಟದಂಥ ಬಂಡೆ. ಮುಖ್ಯ ಮಂದಿರ 1413ರದ್ದು. ಇಲ್ಲಿ ಸನ್ಯಾಸಿಗಳು ನಿಜಕ್ಕೂ ವಾಸವಾಗಿದ್ದಾರೆ, ತಲೆಯ ಮೇಲೆ ಜುಟ್ಟು, ನೀಲಿ ನಿಲುವಂಗಿ, ಬಿಳಿ ಕಾಲುಚೀಲ. ಬೆಳಗ್ಗೆ, ಸಂಜೆ ಪಠಣ ಇರುತ್ತದೆ. ದಿನದ ಟೂರಿನವರಿಗೆ ಎರಡೂ ಸಿಗುವುದಿಲ್ಲ. ಅದಕ್ಕೇ ಬೆಟ್ಟದ ಮೇಲೆ ನಾನ್ಯಾನ್ ಬಸ್ ನಿಲ್ದಾಣದ ಬಳಿಯ ಹೋಟೆಲ್‌ನಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ ಅನ್ನುವುದು ನನ್ನ ಹಟ.

ತಾಯ್‌ಝೀಪೋ ದೇಗುಲ ಕೂಡ ಬಿಡಬೇಡಿ. ಕೆಂಪು ಗೋಡೆಗಳು ಅಲೆ ಅಲೆಯಾಗಿ ತಿರುಗುತ್ತಾ ಒಳಗೆ ಕರೆದೊಯ್ಯುತ್ತವೆ. ಒಳಗೊಂದು ಕಡೆ ಒಂದೇ ಕಂಬದ ಮೇಲೆ ಹನ್ನೆರಡು ತೊಲೆ ಕೂತಿವೆ. ಬಡಗಿ ಕೆಲಸ ಗೊತ್ತಿದ್ದವರು ಅದರಡಿ ನಿಂತರೆ ಕರೆದರೂ ಬರುವುದಿಲ್ಲ.

ಪೀಣ್ಯ ಎರಡನೇ ಹಂತ

ಮೇಡಂ, ಬೆಟ್ಟದ ಮೇಲೆ ಉಳಿಯೋದು ಕೇಳೋಕೆ ಚೆಂದ. ರೂಮು ಸಣ್ಣದು, ರೇಟು ಜಾಸ್ತಿ, ಹಾಸಿಗೆ ತೇವ. ವಯಸ್ಸಾದವರಿಗೆ ರಾತ್ರಿ ಆರೋಗ್ಯ ಕೆಟ್ಟರೆ? ಶಿಯೆನ್ ನಗರದಲ್ಲಿ ಲಿಫ್ಟ್ ಇರೋ ಒಳ್ಳೆ ಹೋಟೆಲ್, ದೊಡ್ಡ ಆಸ್ಪತ್ರೆ, ಎಲ್ಲಾ ಇದೆ. ಶಿಯೆನ್ ಪೂರ್ವ ಸ್ಟೇಷನ್‌ನಿಂದ ವುಡಾಂಗ್‌ಶಾನ್ ಪಶ್ಚಿಮಕ್ಕೆ ಹೈಸ್ಪೀಡ್ ರೈಲಲ್ಲಿ ಹತ್ತಿ ಕೂರೋಷ್ಟರಲ್ಲಿ ಇಳಿಯೋ ಸಮಯ. ನಾನು ನಗರದ ಪರ.

ನಗರದಲ್ಲಿ ಏನೂ ಇಲ್ಲ ಅನ್ನೋರಿಗೆ: ಅದು ಟ್ರಕ್ಕಿನ ಊರು. 1969ರಲ್ಲಿ ಚೀನಾದ ಎರಡನೇ ಆಟೋಮೊಬೈಲ್ ಕಾರ್ಖಾನೆ ಶುರುವಾಗಿದ್ದು ಇಲ್ಲಿ, ಈಗಿನ ಡಾಂಗ್‌ಫೆಂಗ್. ಯುದ್ಧ ಬಂದರೆ ಬಾಂಬ್ ಬೀಳದಿರಲಿ ಅಂತ ಕಾರ್ಖಾನೆಗಳನ್ನ ಕಣಿವೆ ಕಣಿವೆಯಲ್ಲಿ ಹಂಚಿ ಬಚ್ಚಿಟ್ಟರು. ಫೌಂಡ್ರಿ ಒಂದು ಕಣಿವೆ, ಎಂಜಿನ್ ಇನ್ನೊಂದು ಕಣಿವೆ. ಅದಕ್ಕೇ ಊರು ಉದ್ದಕ್ಕೆ ಎಳೆದ ಹಾಗಿದೆ. ಆಮೇಲೆ ಮುಖ್ಯ ಕಚೇರಿ ವುಹಾನ್‌ಗೆ ಹೋಯ್ತು. ಭದ್ರಾವತಿಯಲ್ಲಿ ಹಳೇ ಕಾರ್ಮಿಕರ ಕ್ವಾರ್ಟರ್ಸ್ ನೋಡಿದವರಿಗೆ ಇಲ್ಲಿನ ಹಳೇ ಇಟ್ಟಿಗೆ ಬ್ಲಾಕುಗಳು ಹೊಸದೇನೂ ಅನಿಸಲ್ಲ. ಬಿಡಿಭಾಗಕ್ಕೆ ನಾವು ಹೋಗೋದೇ ಅಲ್ಲಿಗೆ. ಸಾಯಂಕಾಲ ರಿಟೈರ್ ಆದ ಫಿಟ್ಟರ್‌ಗಳು ರಸ್ತೆ ಬದಿ ಸ್ಟೂಲ್ ಹಾಕ್ಕೊಂಡು ಚೆಸ್ ಆಡ್ತಿರ್ತಾರೆ, ನಿಮ್ಮಪ್ಪ ಅಲ್ಲೇ ಸೆಟಲ್ ಆಗ್ತಾರೆ ನೋಡು.

ಸ್ಟೆತೋ_ಸುಳ್ಯ

ಮ್ಯೂಸಿಯಂ ಹೇಳಲಿಲ್ಲ ನೀವು. ಶಿಯೆನ್ ಮ್ಯೂಸಿಯಂನಲ್ಲಿ ಡೈನೋಸಾರ್ ಮೊಟ್ಟೆ ಉಂಟು. ಪಕ್ಕದ ಯುನ್‌ಯಾಂಗ್‌ನಲ್ಲಿ ಮಣ್ಣಿನಲ್ಲಿ ಇದ್ದ ಹಾಗೇ ಸಿಕ್ಕಿದ್ದು. ಆದಿಮಾನವರ ತಲೆಬುರುಡೆಗಳೂ ಆ ಕಡೆಯೇ ಸಿಕ್ಕಿದ್ದು, 1989ರಲ್ಲಿ ಒಂದು, 1990ರಲ್ಲಿ ಇನ್ನೊಂದು, 2022ರಲ್ಲಿ ಮೂರನೆಯದು. ಮಳೆ ಬಂದು ಬೆಟ್ಟ ಬಂದ್ ಆದ ದಿನಕ್ಕೆ ಇದು ಸಾಕು.

ಹಳೆಗಲ್ಲು

ನೀರಿನ ಕತೆಯೂ ಸೇರಿಸಿ. ಬೆಟ್ಟದ ಬುಡದಲ್ಲೇ ದಾನ್‌ಜಿಯಾಂಗ್‌ಕೌ ಜಲಾಶಯ. 2014ರ ಡಿಸೆಂಬರ್‌ನಿಂದ ಬೀಜಿಂಗ್‌ಗೆ ನೀರು ಹರಿಯುವುದು ಇಲ್ಲಿಂದ. ಅದಕ್ಕಾಗಿ ಅಣೆಕಟ್ಟನ್ನು 162 ಮೀಟರ್‌ನಿಂದ 176.6 ಮೀಟರ್‌ಗೆ ಏರಿಸಿದರು. ಹಿನ್ನೀರಿನಲ್ಲಿ ಮುಳುಗಬೇಕಿದ್ದ ಯುಝೆನ್ ದೇಗುಲದ ಹೆಬ್ಬಾಗಿಲನ್ನು ಕೆಡವದೆ, ಜ್ಯಾಕ್ ಕೊಟ್ಟು ಸುಮಾರು 15 ಮೀಟರ್ ಮೇಲೆತ್ತಿದರು. ಅದೇ ದೇಗುಲದ ಮುಖ್ಯ ಮಂದಿರ 2003ರ ಜನವರಿಯಲ್ಲಿ ಬೆಂಕಿಗೆ ಆಹುತಿಯಾಗಿತ್ತು. 1994ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ತಾಣದಲ್ಲೇ ಇದು ನಡೆದದ್ದು. ಲಿಂಗನಮಕ್ಕಿ ಹಿನ್ನೀರಿನ ಕಡೆಯವರಿಗೆ ಹೆಚ್ಚು ವಿವರಿಸಬೇಕಿಲ್ಲ, ನಿಮ್ಮ ಹೆಸರೇ ಶರಾವತಿ ಎಡದಂಡೆ.

ಶರಾವತಿ_ಎಡದಂಡೆ

ಅಮ್ಮನ ತವರು ಮುಳುಗಡೆ ಊರೇ ಸರ್. ಜಲಾಶಯ ನೋಡಬೇಕು ಅಂತ ಅವರೇ ಹೇಳಬಹುದು.

ಈಗ ಊಟದ ವಿಷಯ. ಇದೇ ನನ್ನ ನಿಜವಾದ ತಲೆನೋವು.

ಧಾರವಾಡದಾಂವ

ಇದಕ್ಕ ನಾನು ಉತ್ತರ ಕೊಡತೀನಿ, ಲಿಂಗಾಯತರ ಮನಿ ಹುಡುಗ, ಉಪವಾಸ ಸಾಯಲಿಲ್ಲ.

‘ವೊ ಚಿ ಸು’ (ನಾ ಸಸ್ಯಾಹಾರಿ) ಅಂದ್ರ ಸಾಕು ಅಂತ ಎಲ್ಲಾರೂ ಹೇಳ್ತಾರ, ಸಾಕಾಗಂಗಿಲ್ಲ. ಮಾಂಸದ ತುಂಡ ಕಾಣದಿದ್ರ ಅವರ ಲೆಕ್ಕಕ್ಕ ಅದು ಕಾಯಿಪಲ್ಯೆ. ಹುರಿಯೋದು ಹಂದಿ ಕೊಬ್ಬಿನಾಗ ಇರಬಹುದು, ಸಾರು ಕೋಳಿದ ಇರಬಹುದು. ಫೋನಿನಾಗ ಚೀನೀ ಅಕ್ಷರದಾಗ ಬರಸಿ ಇಟಗೊರ್ರಿ: ಮಾಂಸ ಬ್ಯಾಡ, ಮೀನ ಬ್ಯಾಡ, ತತ್ತಿ ಬ್ಯಾಡ, ಹಂದಿ ಕೊಬ್ಬು ಬ್ಯಾಡ, ಕೋಳಿ ಸಾರು ಬ್ಯಾಡ, ಕೋಳಿ ಪುಡಿ ಬ್ಯಾಡ. ಕಡೀದು ಬಾಳ ಮುಖ್ಯ, ನಾವು ಉಪ್ಪು ಹಾಕಿದಂಗ ಅವರು ಅದನ್ನ ಉದರಸ್ತಾರ. ಆಮ್ಯಾಲ ಅಡಗಿ ಮಾಡಾಂವನ ಕೈಗೇ ಫೋನ್ ಕೊಡ್ರಿ, ಆರ್ಡರ್ ತಗೊಳ್ಳಾಕಿಗೆ ಅಲ್ಲ.

ಶಿಯೆನ್ ಕಡೆ ಸುವಾನ್‌ಜಿಯಾಂಗ್ ಅಂತ ಒಂದ ನೂಡಲ್ಸ್ ಸಿಗತದ. ಸೊಪ್ಪು ಹುಳಿ ಬರಿಸಿದ ನೀರಿನಾಗ ಮಾಡಿದ್ದು, ಮ್ಯಾಲ ಖಾರದ ಎಣ್ಣಿ. ಮುಂಜಾನೆ ಬಿಸಿ ಬಿಸಿ ಉಂಡ್ರ, ಆಹಾ! ಮಾಂಸ ಹಾಕಬ್ಯಾಡ್ರಿ ಅಂತ ಮೊದಲ ಹೇಳ್ರಿ.

ನಿಧಾನನಡೆ

ಬೆಟ್ಟದ ಮೇಲಿನ ಸನ್ಯಾಸಿಗಳು ದಾವೋ ಧರ್ಮದ ಚುವಾನ್‌ಝೆನ್ ಪಂಥದವರು, ಅವರದು ಸಸ್ಯಾಹಾರ. ಕಟ್ಟುನಿಟ್ಟಾಗಿ ಇರುವವರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. ನಮ್ಮ ಮಡಿ ಅಡುಗೆಮನೆ ಕಂಡವರಿಗೆ ಏನೂ ವಿಚಿತ್ರ ಅನಿಸದು. ಅಲ್ಲಿನ ತೋಫು, ಅಣಬೆ, ಬಿದಿರಿನ ಕಳಲೆ ಅಮ್ಮನಿಗೆ ಹಿಡಿಸಬಹುದು. ಕಳಲೆ ಅಂದರೆ ಮಲೆನಾಡಿನವರಿಗೆ ಹೇಳಿಕೊಡಬೇಕೆ.

ನಾನು ಬುಡದ ಲಾವ್‌ಯಿಂಗ್ ಪೇಟೆಯಲ್ಲಿ ಒಂದು ಶಾಲೆಯಲ್ಲಿ ತೈಚಿ ಕಲಿತೆ. ಅಪ್ಪನಿಗೆ ಒಂದು ಮಾತು: ಬೆಳಗ್ಗೆ ಯುಷು ದೇಗುಲದ ಕೆಂಪು ಗೋಡೆಗಳ ನಡುವಿನ ಬಯಲಿಗೆ ಹೋಗಿ. ಅದು ಒಂದು ಕಾಲಕ್ಕೆ ಇಲ್ಲಿನ ಅತಿ ದೊಡ್ಡ ದೇಗುಲ, 1935ರ ಪ್ರವಾಹದಲ್ಲಿ ಹೂಳು ತುಂಬಿಹೋಯಿತು. ಊರಿನ ಅಜ್ಜಂದಿರು, ಅಜ್ಜಿಯರು ಅಲ್ಲಿ ಅಭ್ಯಾಸ ಮಾಡುತ್ತಿರುತ್ತಾರೆ. ಹಿಂದಿನ ಸಾಲಿನಲ್ಲಿ ನಿಂತರೆ ಯಾರೂ ಬೇಡ ಅನ್ನುವುದಿಲ್ಲ. ಪ್ರವಾಸಿಗರಿಗೆ ಟಿಕೆಟ್ ಇಟ್ಟು ತೋರಿಸುವ ಪ್ರದರ್ಶನಕ್ಕಿಂತ ಇದು ಎಷ್ಟೋ ಮೇಲು.

ಹಳೆಗಲ್ಲು

ತೈಚಿ ಹುಟ್ಟಿದ್ದು ವುಡಾಂಗ್‌ನಲ್ಲಿ, ಹಾವು-ಹಕ್ಕಿಯ ಜಗಳ ನೋಡಿ ಝಾಂಗ್ ಸಾನ್‌ಫೆಂಗ್ ಎಂಬ ದಂತಕಥೆಯ ದಾವೋ ಸನ್ಯಾಸಿ ಕಂಡುಹಿಡಿದ ಎಂದು ಗೈಡ್‌ಗಳು ಹೇಳುತ್ತಾರೆ. ಇತಿಹಾಸಕಾರರು ಒಪ್ಪುವುದು ಕಡಿಮೆ. ದಾಖಲೆ ಸಿಗುವುದು ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಊರಿನಿಂದ.

ನಿಧಾನನಡೆ

ಸರ್, ದಯವಿಟ್ಟು ಇದನ್ನು ಅವರಪ್ಪನಿಗೆ ವಾಟ್ಸಾಪ್ ಮಾಡಿಸಬೇಡಿ. ಬಂದು ಹೋಗಲಿ, ಆಮೇಲೆ ಹೇಳಿ.

ಹಳೆಗಲ್ಲು

ಮೇಷ್ಟ್ರಿಗೆ ಸುಳ್ಳು ಹೇಳುವುದೇ? ಇರಲಿ, ನನಗೂ ಇಷ್ಟವಾದ ಕತೆಯೊಂದಿದೆ. ಬೆಟ್ಟ ಹತ್ತುವ ದಾರಿಯಲ್ಲಿ ಸೂಜಿ ಮಸೆದ ಬಾವಿ ಎಂಬ ಜಾಗ. ತಪಸ್ಸು ಸಾಕೆಂದು ಝೆನ್ವು ಇಳಿದು ಹೊರಟಿದ್ದನಂತೆ. ಅಲ್ಲೊಬ್ಬಳು ಅಜ್ಜಿ ಕಬ್ಬಿಣದ ಒನಕೆಯನ್ನು ಕಲ್ಲಿಗೆ ಉಜ್ಜುತ್ತಿದ್ದಳು. ಏನಜ್ಜಿ ಎಂದರೆ, ಸೂಜಿ ಮಾಡ್ತಿದ್ದೇನೆ ಎಂದಳು. ಅವನು ತಿರುಗಿ ಬೆಟ್ಟ ಹತ್ತಿದ. ಬಾವಿಯ ಬಳಿ ಆ ಕಬ್ಬಿಣದ ಒನಕೆಗಳು ನಿಂತಿವೆ, ಜನ ಮುಟ್ಟಿ ಹೋಗುತ್ತಾರೆ.

ಕತೆಯ ಕೊನೆ ನಾನ್ಯಾನ್‌ನಲ್ಲಿ, ಝೆನ್ವು ಸ್ವರ್ಗಕ್ಕೇರಿದ್ದು ಅಲ್ಲಿಂದಲೇ ಅಂತೆ. ಅಲ್ಲಿ ಬಂಡೆಗೆ ಅಂಟಿಕೊಂಡ ಕಲ್ಲಿನ ಗುಡಿಯಿಂದ ಪ್ರಪಾತದ ಮೇಲೆ ಮೂರು ಮೀಟರ್‌ನಷ್ಟು ಚಾಚಿಕೊಂಡ ಕಲ್ಲಿನ ತೊಲೆಯಿದೆ, ತುದಿಯಲ್ಲಿ ಡ್ರ್ಯಾಗನ್ ತಲೆ, ಅದರ ಮೇಲೆ ಧೂಪದ ಬಟ್ಟಲು. ಹಿಂದೆ ಭಕ್ತರು ಅದರ ಮೇಲೆ ತೆವಳಿ ಹೋಗಿ ಊದುಬತ್ತಿ ಹಚ್ಚುತ್ತಿದ್ದರು, ಬಿದ್ದು ಸತ್ತವರು ಕಡಿಮೆಯಲ್ಲ. 1673ರಲ್ಲಿ ಕಲ್ಲು ನೆಟ್ಟು ನಿಷೇಧಿಸಿದರು. ಈಗ ಬೀಗ ಹಾಕಿದ ಗೇಟಿನ ಆಚೆಯಿಂದ ನೋಡಬಹುದು.

ಪೀಣ್ಯ ಎರಡನೇ ಹಂತ

ಊದುಬತ್ತಿ ಅಂದಾಗ ನೆನಪಾಯ್ತು. ಪೂಜೆಗೆ ಮೂರು ಕಡ್ಡಿ ಸಾಕು. ದಾರಿಯಲ್ಲಿ ಒಬ್ಬ ಬಂದು ಮಾರುದ್ದದ ಊದುಬತ್ತಿ ಹಚ್ಚಿ, ನಿಮ್ಮ ಹೆಸರಲ್ಲಿ ಪ್ರಾರ್ಥನೆ ಮಾಡಿಸ್ತೀನಿ ಅಂದ್ರೆ ಕೈ ಮುಗಿದು ಮುಂದೆ ಹೋಗಿ. ಹೊಸ್ತಿಲು ತುಳಿಬೇಡಿ, ದಾಟಿ. ಒಳಗೆ ಮೂರ್ತಿ ಫೋಟೋ ಬೇಡ. ಇದನ್ನೆಲ್ಲ ನಮ್ಮ ಅಮ್ಮಂದಿರಿಗೆ ಹೇಳಬೇಕಿಲ್ಲ, ನಮಗೆ ಹೇಳಬೇಕು.

ದುಡ್ಡು: ಅಪ್ಪನ ಫೋನಿಗೂ ಅಲಿಪೇ (ಚೀನಾದ ಪಾವತಿ ಆ್ಯಪ್) ಹಾಕಿ ವೀಸಾ ಅಥವಾ ಮಾಸ್ಟರ್ ಕಾರ್ಡ್ ಜೋಡಿಸಿ. ಒಂದು ಪಾವತಿ 200 ಯುವಾನ್ ದಾಟಿದರೆ 3 ಪರ್ಸೆಂಟ್ ಶುಲ್ಕ. ಸ್ವಲ್ಪ ನಗದೂ ಇರಲಿ. ಎಲ್ಲಾ ಕಡೆ ಪಾಸ್‌ಪೋರ್ಟ್ ಬೇಕು, ರೈಲಿಗೂ ಬೆಟ್ಟದ ಟಿಕೆಟ್ಟಿಗೂ.

ಸ್ಟೆತೋ_ಸುಳ್ಯ

ಬುಡದ ಪೇಟೆಯಲ್ಲಿ ಒಂದು ಸಣ್ಣ ಲಾಡ್ಜಿನವ ವಿದೇಶಿಯರು ಬೇಡ ಅಂತ ರಾತ್ರಿ ಹೊರಗೆ ಹಾಕಿದ್ದ ನಮ್ಮನ್ನು. ನಿಯಮದ ಪ್ರಕಾರ ಹಾಗೆ ಹೇಳುವ ಹಾಗಿಲ್ಲ, ಆದರೆ ಪೊಲೀಸ್ ರಿಜಿಸ್ಟ್ರೇಷನ್ ಮಾಡಲು ಬಾರದವರು ಹೇಳ್ತಾರೆ. ಬುಕ್ ಮಾಡಿದ ಮೇಲೆ ಒಂದು ಫೋನ್ ಮಾಡಿ ಕೇಳಿ.

ಮತ್ತೆ ಅಪ್ಪ-ಅಮ್ಮನ ಫೋನಿನಲ್ಲಿ ಭಾರತದ ಸಿಮ್ಮಿನ ರೋಮಿಂಗ್ ಇರಲಿ. ಹೋಟೆಲ್ ವೈಫೈಯಲ್ಲಿ ವಾಟ್ಸಾಪ್ ಬರುವುದಿಲ್ಲ, ರೋಮಿಂಗ್‌ನಲ್ಲಿ ಬರ್ತದೆ. ಇಲ್ಲದಿದ್ದರೆ ಊರಿನಲ್ಲಿ ಅಕ್ಕ-ತಂಗಿಯರೆಲ್ಲ ಗಾಬರಿ.

ಶರಾವತಿ_ಎಡದಂಡೆ

ಎಲ್ಲರಿಗೂ ತುಂಬಾ ಧನ್ಯವಾದ. ಮ್ಯಾನೇಜರ್ ಹತ್ತಿರ ಮಾತಾಡಿ ರಜೆಯನ್ನು ಅಕ್ಟೋಬರ್ ಮಧ್ಯಕ್ಕೆ ಹಾಕಿಸಿದೆ. ಮೊದಲ ರಾತ್ರಿ ಶಿಯೆನ್ ನಗರ (ಪೀಣ್ಯ ಅಣ್ಣನ ಮಾತು), ಎರಡನೇ ರಾತ್ರಿ ಬೆಟ್ಟದ ಮೇಲೆ (ನಿಧಾನನಡೆ ಅಕ್ಕನ ಮಾತು), ಮೂರನೆಯದು ಮತ್ತೆ ನಗರದಲ್ಲಿ. ಹವಾಮಾನ ನೋಡಿ ಅದಲುಬದಲು ಮಾಡ್ತೀನಿ. ಅಮ್ಮನಿಗೆ ತಾಯ್‌ಹೆ ತನಕ, ಅಪ್ಪ ನಾನು ನೆತ್ತಿಗೆ.

ನಿಧಾನನಡೆ

ಚೆನ್ನಾಗಿದೆ. ಒಂದು ಎಚ್ಚರಿಕೆ ಮಾತ್ರ: ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಝೆನ್ವು ಸ್ವರ್ಗಕ್ಕೇರಿದ ದಿನ, ದೊಡ್ಡ ಜಾತ್ರೆ. ಕೆಲವು ವರ್ಷ ಅದು ನಮ್ಮ ಮಹಾನವಮಿಯ ಆಸುಪಾಸಿಗೇ ಬೀಳುತ್ತದೆ. ಜನ ಜಾಸ್ತಿ, ಆದರೆ ಬರುವವರು ಭಕ್ತರು, ಸೆಲ್ಫಿಯವರಲ್ಲ. ದಿನ ಒಮ್ಮೆ ನೋಡಿಕೊಂಡು, ಬೇಕೋ ಬೇಡವೋ ನಿರ್ಧರಿಸಿ. ಸ್ವೆಟರ್ ಮರೆಯಬೇಡಿ.

ಶರಾವತಿ_ಎಡದಂಡೆ

ಅಮ್ಮನ ಕೊನೆಯ ಪ್ರಶ್ನೆ: ಚಟ್ನಿಪುಡಿ, ಅವಲಕ್ಕಿ, ಒಂದು ಡಬ್ಬಿ ತುಪ್ಪ ತರಬಹುದಾ?

ಪೀಣ್ಯ ಎರಡನೇ ಹಂತ

ಚಟ್ನಿಪುಡಿ, ಅವಲಕ್ಕಿ ನಾವು ಪ್ರತಿ ಸಲ ಒಯ್ಯುತ್ತೇವೆ, ಯಾರೂ ಕೇಳಿಲ್ಲ. ತುಪ್ಪ ಬೇಡ. ಹಾಲಿನ ಪದಾರ್ಥ ಅವರ ಕಸ್ಟಮ್ಸ್‌ನ ನಿಷೇಧದ ಪಟ್ಟಿಯಲ್ಲಿದೆ, ಹಣ್ಣು ತರಕಾರಿಯೂ ಅಷ್ಟೇ. ಕೋವಾ ಹಾಕಿದ ಸಿಹಿಯೂ ಬೇಡ.

ಧಾರವಾಡದಾಂವ

ಅಂದ್ರ ಪೇಢಾ ತರಬ್ಯಾಡ್ರಿ ಅಂತ ಧಾರವಾಡದಾಂವ ಇದ್ದ ಕಡೆನ ಹೇಳಾಕತ್ತೀರಿ! ನಡೀರಿ, ಅವಲಕ್ಕಿನ ಇರಲಿ. ಒಗ್ಗರಣಿ ಊರಾಗ ಹಾಕಿಸಿ ಕಳಸ್ರಿ ಅಂತ ಅವ್ವಾರಿಗೆ ಹೇಳ್ರಿ, ಹೋಟೆಲ್ ರೂಮಿನಾಗ ಬಿಸಿನೀರಿನ ಕೆಟಲ್ ಬಿಟ್ರ ಮತ್ತೇನೂ ಇರಂಗಿಲ್ಲ.